ಪ್ರಾತ್ಯಕ್ಷಿಕೆಯ ದಂಪತಿ

ನಮ್ಮ ನಗರ ಸಾರಿಗೆ ಸಂಸ್ಥೆಯ ಬಸ್ಸುಗಳು ಯಾವ ಪಕ್ಷಭೇದವೂ ಇಲ್ಲದೆ ಎಲ್ಲರಿಗೂ ಸಮಾನವಾಗಿ ತಡವಾಗಿ ಬರುತ್ತಿದ್ದವು ಎಂಬ ಸಂಗತಿಯನ್ನು ಮೊದಲಿಗೇ ದಾಖಲಿಸುವುದು ನನ್ನ ಕರ್ತವ್ಯ. ಈಗಲೂ ತಡವಾಗಿಯೇ ಬರುತ್ತವೆ. ಆದರೆ ಈಗ ಪ್ರತಿಯೊಬ್ಬರಿಗೂ ಅವರವರ ಬದಿಯ ಬಸ್ಸೇ ತಡವಾಗಿ ಬರುತ್ತದೆ. ಈ ಪ್ರಗತಿಯನ್ನು ನೋಡಿ ಕಲಿಯಲು ಬೇರೆ ಪ್ರಜಾಪ್ರಭುತ್ವ ದೇಶಗಳಿಂದ ಅಧ್ಯಯನ ತಂಡಗಳು ಬರುತ್ತಿವೆ. ನಾನು ಸಂಸ್ಥೆಯ ಸಂಚಾರ ಅಧೀಕ್ಷಕ. ಸುತ್ತೋಲೆ ಬರೆಯುವವನು ನಾನೇ. ನನ್ನ ಸುತ್ತೋಲೆಯಲ್ಲಿ ಸೊಳ್ಳೆ ನುಸುಳುವಷ್ಟೂ ಸಂದಿಲ್ಲ ಎಂದು ಮ್ಯಾನೇಜರ್ ಸಾಹೇಬರು ಹತ್ತು ಜನರ ಮುಂದೆ ಹೇಳಿದ್ದಾರೆ. ಇದನ್ನು ಜಂಭಕ್ಕೆ ಹೇಳುತ್ತಿಲ್ಲ, ಮುಂದೆ ಬೇಕಾಗುತ್ತದೆ.

ಊರ ನಡುವಿನ ವೃತ್ತದಲ್ಲಿ ಒಂದು ಕಾರಂಜಿ ಇತ್ತು. ಅದರಲ್ಲಿ ನೀರು ಚಿಮ್ಮಿದ್ದನ್ನು ಕಂಡವರು ಯಾರೂ ಬದುಕಿಲ್ಲ. ಚುನಾವಣೆ ಬಂದಾಗ ಒಬ್ಬ ಅಭ್ಯರ್ಥಿ ಅದನ್ನು ಕೆಡವುತ್ತೇನೆ ಎಂದರು. ಇನ್ನೊಬ್ಬರಿಗೆ ಹೇಳಲು ಬೇರೇನೂ ಹೊಳೆಯದೆ, ಉಳಿಸುತ್ತೇನೆ ಎಂದರು. ಅಲ್ಲಿಂದ ಊರು ‘ಕೆಡವು’ ಬದಿ, ‘ಉಳಿಸು’ ಬದಿ ಎಂದು ಎರಡಾಯಿತು. ಮತ ಎಣಿಕೆಯ ಹಿಂದಿನ ದಿನ ಸಿಮೆಂಟು ಲಾರಿಯೊಂದು ರಿವರ್ಸ್ ಬರುವಾಗ ತಗುಲಿ ಕಾರಂಜಿ ನೆಲಕಚ್ಚಿತು. ಸದ್ಯ, ಜಗಳ ಮುಗಿಯಿತಲ್ಲ ಅಂದುಕೊಂಡವರು ಪ್ರಜಾಪ್ರಭುತ್ವದ ಗಂಧಗಾಳಿ ಇಲ್ಲದವರು. ಕೆಡವು ಬದಿಯವರು ಮೆರವಣಿಗೆ ತೆಗೆದರು. ಉಳಿಸು ಬದಿಯವರು, ಕಾರಂಜಿ ಇದ್ದೇ ಇದೆ, ಕಾಣುತ್ತಿಲ್ಲ ಅಷ್ಟೇ ಎಂದರು. ಇವತ್ತಿಗೂ ಉಳಿಸು ಬದಿಯ ವಾಹನಗಳು ಆ ಖಾಲಿ ಜಾಗವನ್ನು ಸುತ್ತು ಹಾಕಿಕೊಂಡು ಹೋಗುತ್ತವೆ, ಕೆಡವು ಬದಿಯವು ಅದರ ಮೇಲೆಯೇ ನೇರ ಹೋಗುತ್ತವೆ. ಇದರಿಂದಾಗುವ ಡಿಕ್ಕಿಗಳನ್ನು ಸಂಸ್ಥೆಯು ‘ಅಭಿಪ್ರಾಯಭೇದ’ ಎಂಬ ತಲೆಬರಹದಡಿ ನಮೂದಿಸುತ್ತದೆ.

ಬಸ್ಸಿನೊಳಗೆ ರಾಜಕೀಯ ಬಂದದ್ದು ಗಂಟೆಯ ಹಗ್ಗದಿಂದ. ನಮ್ಮ ಬಸ್ಸುಗಳಲ್ಲಿ ಕಂಡಕ್ಟರು ಹಗ್ಗ ಎಳೆದು ಒಂದು ಗಂಟೆ ಹೊಡೆದರೆ ನಿಲ್ಲಿಸು, ಎರಡು ಹೊಡೆದರೆ ಹೊರಡು. ಆಸ್ಪತ್ರೆ ಮಾರ್ಗದ ಬಸ್ಸಿನಲ್ಲಿ ಗೇರಣ್ಣ ಎಂದು ಎಲ್ಲರೂ ಕರೆಯುವ ಡ್ರೈವರೂ, ಯಾರಿಗೂ ಚಿಲ್ಲರೆ ಕೊಡದ ಕಾರಣಕ್ಕೆ ಚಿಲ್ಲರೆ ಎಂದೇ ಹೆಸರಾದ ಕಂಡಕ್ಟರೂ ಎಷ್ಟೋ ವರ್ಷ ಒಂದೇ ಫ್ಲಾಸ್ಕಿನ ಚಹಾ ಕುಡಿದವರು. ಚುನಾವಣೆಯಾದ ಮೇಲೆ ಗೇರಣ್ಣ ಉಳಿಸು ಆದ, ಚಿಲ್ಲರೆ ಕೆಡವು ಆದ. ಒಂದು ಬೆಳಿಗ್ಗೆ ಆಸ್ಪತ್ರೆಯ ಮುಂದೆ ಚಿಲ್ಲರೆ ಒಂದು ಗಂಟೆ ಹೊಡೆದ. ಬಸ್ಸು ನಿಲ್ಲಲಿಲ್ಲ. ಮುಂದಿನ ಸ್ಟಾಪಿನಲ್ಲೂ ಇಲ್ಲ, ಅದರಾಚೆಯೂ ಇಲ್ಲ. ರೋಗಿಗಳು, ಶಾಲೆ ಮಕ್ಕಳು, ಬ್ಯಾಂಕಿಗೆ ಹೊರಟವರು ಎಲ್ಲರನ್ನೂ ಹೊತ್ತುಕೊಂಡು ಊರಾಚೆಯ ಇಟ್ಟಿಗೆ ಭಟ್ಟಿಯ ಮುಂದೆ ಡೀಸೆಲ್ ಮುಗಿದಾಗಲೇ ಅದು ನಿಂತದ್ದು.

ವಿಚಾರಣೆ ನನ್ನ ಕೋಣೆಯಲ್ಲೇ ನಡೆಯಿತು.

“ಗಂಟೆ ಕೇಳಿಸಲಿಲ್ಲವೇನಯ್ಯಾ?” ಅಂದೆ.

“ಕೇಳಿಸ್ತು ಸಾರ್,” ಅಂದ ಗೇರಣ್ಣ. “ಆದ್ರೆ ಹೊಡೆದೋನು ಕೆಡವು. ಅವನು ನಿಲ್ಲಿಸು ಅಂದ ಅಂದ್ರೆ ಅದರಲ್ಲಿ ಏನೋ ಮಸಲತ್ತು ಇರಬೇಕಲ್ವಾ?”

“ನಿನಗೇನನ್ನಿಸಿತು?” ಎಂದು ಚಿಲ್ಲರೆಯನ್ನು ಕೇಳಿದೆ.

“ಇವನು ಬ್ರೇಕ್ ಹಾಕ್ತಾನೆ ಅಂತ ನಾನೂ ನಂಬಿರಲಿಲ್ಲ ಬಿಡಿ. ಅದಕ್ಕೇ ಕಂಬಿ ಗಟ್ಟಿಯಾಗಿ ಹಿಡ್ಕೊಂಡಿದ್ದೆ.”

ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುತ್ತಾರೆ. ಇಲ್ಲಿ ಎತ್ತೂ ಕೋಣವೂ ಕಾಯಂ ನೌಕರರು, ಇಬ್ಬರಿಗೂ ಸಂಘವಿದೆ, ಅಮಾನತು ಮಾಡುವಂತಿಲ್ಲ. ಮ್ಯಾನೇಜರ್ ಸಾಹೇಬರು ಯೋಚಿಸಿ, ಬಸ್ಸು ಓಡುವುದು ಡೀಸೆಲಿನಿಂದಲ್ಲ, ನಂಬಿಕೆಯಿಂದ ಎಂದರು. ಆದ್ದರಿಂದ ಡ್ರೈವರು ಕಂಡಕ್ಟರು ಒಂದೇ ಬದಿಯವರಾಗಿರತಕ್ಕದ್ದು ಎಂದು ನಾನು ಸುತ್ತೋಲೆ ಹೊರಡಿಸಿದೆ. ಆಗ ಎದುರು ಬದಿಯ ಪ್ರಯಾಣಿಕರು ಟಿಕೆಟ್ಟನ್ನೇ ನಂಬದಾದರು. ಆದ್ದರಿಂದ ಪ್ರಯಾಣಿಕರೂ ಒಂದೇ ಬದಿಯವರಾಗಿರತಕ್ಕದ್ದು. ಹತ್ತುವಾಗ ಮೊದಲು ಬದಿ ಹೇಳಬೇಕು, ಆಮೇಲೆ ಹೋಗುವ ಜಾಗ. ಒಮ್ಮೆ ಬರೆಸಿದ ಬದಿಯನ್ನು ಬದಲಿಸುವಂತಿಲ್ಲ. ರಸ್ತೆಯ ಈಚೆ ಪಕ್ಕ ಉಳಿಸು ಸ್ಟಾಪು, ಆಚೆ ಪಕ್ಕ ಕೆಡವು ಸ್ಟಾಪು. ಮಾರ್ಗಗಳನ್ನೂ ಸಮನಾಗಿ ಹಂಚಿದೆವು: ಶಾಲೆ, ಮಾರುಕಟ್ಟೆ, ನಮ್ಮ ಕಚೇರಿ ಉಳಿಸು ಬಸ್ಸಿಗೆ, ಆಸ್ಪತ್ರೆ, ಬ್ಯಾಂಕು, ಸ್ಮಶಾನ ಕೆಡವು ಬಸ್ಸಿಗೆ. ಉಳಿಸು ಬದಿಯವರು ಸಾಯುವುದು ಹೇಗೆ ಎಂದು ಯಾರೋ ಕೇಳಿದರು. ಆ ಕಡತ ಇನ್ನೂ ಪರಿಶೀಲನೆಯಲ್ಲಿದೆ.

ಬಸ್ಸುಗಳಿಗೆ ಬೇರೆ ಬೇರೆ ಬಣ್ಣ ಬಳಿಯುವ ಗುತ್ತಿಗೆ ಮ್ಯಾನೇಜರ್ ಸಾಹೇಬರ ಭಾವಮೈದುನನಿಗೆ ಸಿಕ್ಕಿತು. ಆತ ಯಾವ ಬದಿಯವನು ಎಂದು ಪತ್ರಿಕೆಯವರು ಕೇಳಿದಾಗ, “ನಾನು ಬಣ್ಣದ ಬದಿ,” ಎಂದು ನಿರ್ಮಲ ಮನಸ್ಸಿನಿಂದ ಉತ್ತರಿಸಿದ. ಇಬ್ಬರ ಜಗಳ ಮೂರನೆಯವನಿಗೆ ಲಾಭ ಎಂದು ಹೊಟ್ಟೆಕಿಚ್ಚಿನವರು ಆಡಿಕೊಂಡರು. ಒಂದು ಬೇಸಿಗೆ ಕಳೆಯುವುದರೊಳಗೆ ಎರಡೂ ಬಣ್ಣ ಮಾಸಿ, ಎಲ್ಲ ಬಸ್ಸುಗಳೂ ಒಂದೇ ಬೂದಿ ಬಣ್ಣಕ್ಕೆ ಬಂದವು. ಈಗ ಜನ ಬಸ್ಸನ್ನು ಬೈದು ನೋಡಿ, ಒಳಗಿನಿಂದ ಬರುವ ಬೈಗುಳದ ಮೇಲೆ ಯಾವ ಬದಿಯದೆಂದು ಗುರುತಿಸುತ್ತಾರೆ.

ಎರಡೂ ಬದಿ ಬೇಡವೆಂದವರು ಕೆಲವರಿದ್ದರು. ಅಡ್ಡಗೋಡೆಯ ಮೇಲೆ ದೀಪ ಇಡುವ ಜನ. ಒಬ್ಬ ಮುದುಕರು ನನ್ನ ಕೋಣೆಗೇ ಬಂದು, “ನನಗೆ ಬದಿ ಬೇಡಪ್ಪಾ, ಕಿಟಕಿ ಸೀಟು ಕೊಡು ಸಾಕು,” ಅಂದರು. ಅಂಥವರನ್ನು ‘ನಡೆಯುವವರು’ ಎಂಬ ವರ್ಗಕ್ಕೆ ಸೇರಿಸಲಾಯಿತು. ಅವರು ಈಗ ನಡೆಯುತ್ತಾರೆ.

ಇಷ್ಟಾದರೂ ಒಂದು ತೊಡಕು ಉಳಿಯಿತು. ಉಳಿಸು ಡ್ರೈವರನ ಹೆಂಡತಿ ಕೆಡವು ಬದಿಯವಳಾಗಿದ್ದರೆ, ಇಬ್ಬರೂ ರಾತ್ರಿ ಊಟಕ್ಕೆ ಕೂತಾಗ ಯಾರ ಬಸ್ಸು ಎಷ್ಟು ತಡ ಎಂದು ಹೋಲಿಸಿಬಿಡುತ್ತಿದ್ದರು. ಎರಡೂ ಅಷ್ಟೇ ತಡ ಎಂಬ ಸುದ್ದಿ ಹೀಗೆ ಊರಲ್ಲಿ ಹಬ್ಬಿ, ಎರಡೂ ಬದಿಯ ಮುಖಂಡರಿಗೆ ತೀವ್ರ ಮುಜುಗರವಾಯಿತು. ಅವರು ಒಟ್ಟಾಗಿಯೇ ಬಂದು ಮ್ಯಾನೇಜರ್ ಸಾಹೇಬರಿಗೆ ದೂರು ಕೊಟ್ಟು, ಒಟ್ಟಾಗಿಯೇ ಚಹಾ ಕುಡಿದು, ಬೇರೆ ಬೇರೆ ಬಾಗಿಲಿನಿಂದ ಹೊರಟರು. ಅದರ ಮೇಲೆ ನಾನು ‘ಒಂದು ಮನೆ, ಒಂದು ಬದಿ’ ಸುತ್ತೋಲೆ ಬರೆದೆ. ‘ಸಂಸ್ಥೆಯ ನೌಕರನು ಎದುರು ಬದಿಯ ವ್ಯಕ್ತಿಯೊಂದಿಗೆ ಒಂದೇ ಸೂರಿನಡಿ ವಾಸಿಸತಕ್ಕದ್ದಲ್ಲ. ಪತಿ, ಪತ್ನಿ, ಅತ್ತೆ, ಮಾವ, ಹೆತ್ತ ತಾಯಿ ಎಂಬ ಯಾವುದೇ ಸಂಬಂಧವು ವಿನಾಯಿತಿಗೆ ಆಧಾರವಾಗತಕ್ಕದ್ದಲ್ಲ.’ ಕೊನೆಯ ವಾಕ್ಯ ನನಗೇ ಎಷ್ಟು ಹಿಡಿಸಿತೆಂದರೆ, ಸಂಜೆ ಮನೆಗೆ ಒಯ್ದು ಹೆಂಡತಿಗೆ ಓದಿ ಹೇಳಿದೆ.

ನನ್ನ ಹೆಂಡತಿ ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ನರ್ಸು. ಈರುಳ್ಳಿ ಹೆಚ್ಚುತ್ತಾ ಪೂರ್ತಿ ಕೇಳಿಸಿಕೊಂಡಳು.

“ಚೆನ್ನಾಗಿ ಬರೆದಿದ್ದೀರಿ,” ಅಂದಳು. “ಅಂದ ಹಾಗೆ, ನಾನು ಯಾವ ಬದಿ ಗೊತ್ತಾ?”

“ಇದೇನು ಕೇಳ್ತೀಯ? ನೀನು ನನ್ನ ಬದಿ, ಉಳಿಸು.”

“ಆಸ್ಪತ್ರೆಗೆ ಹೋಗೋದು ಯಾವ ಬಸ್ಸು?”

ನಾನು ಸುತ್ತೋಲೆಯ ಹಾಳೆ ಕೆಳಗಿಟ್ಟೆ. “ಕೆಡವು ಅಂತ ಬರೆಸಿಬಿಟ್ಟಿದ್ದೀಯಾ?”

“ಬರೆಸದೆ? ಮಕ್ಕಳು ಇಂಜೆಕ್ಷನ್‌ಗೆ ಕಾಯ್ತಿರುತ್ವೆ, ನಾನು ನಡ್ಕೊಂಡು ಹೋಗ್ಲಾ? ಆ ಹಾಳು ಕಾರಂಜಿ ಇದ್ದರೆಷ್ಟು, ಬಿದ್ದರೆಷ್ಟು ನನಗೆ! ಅದಿರಲಿ, ಇದನ್ನ ಬರೆದೋರು ಯಾರು?”

“ಸಂಸ್ಥೆ.”

“ಸಂಸ್ಥೆಗೆ ಕೈ ಇದ್ಯಾ?”

ನಾನು ನನ್ನ ಕೈ ನೋಡಿಕೊಂಡೆ. ಹೆಬ್ಬೆರಳಿಗೆ ಅಂಟಿದ ಶಾಯಿ ಇನ್ನೂ ಹಸಿಯಾಗಿತ್ತು. “ಮಾಡಿದ್ದುಣ್ಣೋ ಮಹಾರಾಯ,” ಎಂದು ಅವಳು ಮತ್ತೆ ಹೆಚ್ಚತೊಡಗಿದಳು. ಅವಳ ಕಣ್ಣಲ್ಲಿ ನೀರಿತ್ತು. ಈರುಳ್ಳಿಯದು ಎಂದು ನಾನು ನಮೂದಿಸಿಕೊಂಡೆ.

ಮರುದಿನ ಬೆಳಿಗ್ಗೆ ಮ್ಯಾನೇಜರ್ ಸಾಹೇಬರ ಮುಂದೆ ಕೈಕಟ್ಟಿ ನಿಂತೆ. ಒಂದೇ ಒಂದು ವಿನಾಯಿತಿ ಬೇಕು ಅಂದೆ.

“ನೀವೇ ಬರೆದದ್ದಲ್ವೇನ್ರೀ? ಸೊಳ್ಳೆಗೇ ಜಾಗ ಬಿಟ್ಟಿಲ್ಲ ನೀವು. ನಿಮ್ಮ ಮನೆಯೋರು ಸೊಳ್ಳೆಗಿಂತ ದೊಡ್ಡೋರು.”

“ನಮ್ಮಲ್ಲಿ ಜಗಳ ಏನೂ ಇಲ್ಲ ಸಾರ್. ಇದ್ರೂ, ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಅಂತಾರೆ...”

“ಎಲ್ಲಿ ಉಂಡು, ಎಲ್ಲಿ ಮಲಗಿ? ಅದನ್ನೇ ಕಣ್ರೀ ನಿಯಮ ಕೇಳ್ತಿರೋದು. ನೋಡಿ, ನೀವು ಕೆಲಸ ಬಿಡಬಹುದು. ಅವರ ಕೆಲಸ ಬಿಡಿಸಬಹುದು, ಬಸ್ಸು ಹತ್ತೋದು ಬಿಟ್ಟೋರ ಬದಿ ರದ್ದಾಗುತ್ತೆ. ಇಲ್ಲ, ಬೇರೆ ಬೇರೆ ಇರಬಹುದು. ಮೂರರಲ್ಲಿ ಒಂದನ್ನ ನೀವೇ ಆರಿಸ್ಕೊಳ್ಳಿ. ಇದಕ್ಕೇ ಅಲ್ವಾ ಪ್ರಜಾಪ್ರಭುತ್ವ ಅನ್ನೋದು?”

ಅವಳು ಕೆಲಸ ಬಿಡುವುದಿಲ್ಲ, ಮಕ್ಕಳಿಗೆ ಅವಳ ಕೈ ಅಭ್ಯಾಸವಾಗಿದೆ. ನಾನು ಕೆಲಸ ಬಿಟ್ಟರೆ ಸುತ್ತೋಲೆ ಬರೆಯುವವರು ಯಾರು? ಆ ವಾರವೇ ಅವಳು ನಮ್ಮ ರಸ್ತೆಯ ಆಚೆ ಪಕ್ಕದಲ್ಲಿದ್ದ ನರ್ಸುಗಳ ವಸತಿಗೃಹಕ್ಕೆ ಹೋದಳು. ಬಾಗಿಲಲ್ಲಿ ನಿಂತು, ಯಾವ ಡಬ್ಬಿಯಲ್ಲಿ ಏನಿದೆ ಎಂದು ಎರಡೆರಡು ಸಲ ಹೇಳಿದಳು. ನನಗೆ ಒಂದೂ ಕಿವಿಗೆ ಹೋಗಲಿಲ್ಲ. ಮನೆ ಬಿಕೋ ಅನ್ನುತ್ತಿತ್ತು. ಅಧೀಕ್ಷಕ ಅಳಬಾರದೆಂದು ಯಾವ ನಿಯಮದಲ್ಲೂ ಇಲ್ಲ, ಹುಡುಕಿ ನೋಡಿದ್ದೇನೆ.

ಬೆಳಿಗ್ಗೆ ಮಾತ್ರ ಕಾಣಿಸುತ್ತಿದ್ದಳು. ರಾತ್ರಿ ಪಾಳಿ ಮುಗಿಸಿ ಅವಳು ಆಚೆ ಸ್ಟಾಪಿನಲ್ಲಿ ಇಳಿಯುವ ಹೊತ್ತಿಗೆ ನಾನು ಈಚೆ ಸ್ಟಾಪಿನಲ್ಲಿ ನಿಂತಿರುತ್ತಿದ್ದೆ. “ಗ್ಯಾಸ್ ಆಫ್ ಮಾಡಿದ್ರಾ?” ಎಂದು ರಸ್ತೆಯಾಚೆಯಿಂದ ಕೂಗುತ್ತಿದ್ದಳು. ಇದನ್ನು ‘ಬದಿಗಳ ನಡುವೆ ಅನಧಿಕೃತ ಸಂಚಾರ’ ಎಂದು ನಮ್ಮದೇ ಇನ್‌ಸ್ಪೆಕ್ಟರು ಬರೆದುಕೊಂಡ. ಆಮೇಲೆ ಅವಳು ಕೂಗುವುದನ್ನು ಬಿಟ್ಟು ಕೈಯನ್ನಷ್ಟೇ ತಿರುಗಿಸಿ ಕೇಳುತ್ತಿದ್ದಳು, ನಾನು ತಲೆಯಾಡಿಸುತ್ತಿದ್ದೆ.

ಆ ಹೊತ್ತಿಗೆ ಮೊದಲ ಅಧ್ಯಯನ ತಂಡ ಬಂತು. ತಂಡದ ಮುಖ್ಯಸ್ಥೆ ಒಬ್ಬ ಪ್ರೊಫೆಸರಮ್ಮ, ಜೊತೆಗೆ ಕನ್ನಡ ಬಲ್ಲ ದುಭಾಷಿ. ಅವರ ದೇಶದಲ್ಲೂ ಜನ ಎರಡಾಗುವ ಸೂಚನೆ ಕಾಣಿಸಿದೆಯಂತೆ. ನಮ್ಮ ವ್ಯವಸ್ಥೆಯನ್ನೆಲ್ಲ ನೋಡಿ ತಲೆದೂಗಿದ ಪ್ರೊಫೆಸರಮ್ಮ, ಕೊನೆಗೆ, ಎರಡು ಬದಿಯವರು ಮೊದಲು ಹೇಗೆ ಕೂಡಿ ಬಾಳುತ್ತಿದ್ದರು ಎಂಬುದನ್ನೂ ಕಣ್ಣಾರೆ ಕಾಣಬೇಕು, ಹೋಲಿಕೆಗೆ ಬೇಕು ಎಂದರು. ಅದಕ್ಕೆ ನಿಯಮದಲ್ಲಿ ಅವಕಾಶವಿರಲಿಲ್ಲ. ಮ್ಯಾನೇಜರ್ ಸಾಹೇಬರು ನನ್ನತ್ತ ನೋಡಿದರು. ನಾನು ಅಲ್ಲೇ ಕೂತು ಬರೆದೆ: ‘ವಿದೇಶಿ ತಂಡವು ಊರಿನಲ್ಲಿ ಇರುವವರೆಗೆ, ಪ್ರಾತ್ಯಕ್ಷಿಕೆಯ ಉದ್ದೇಶಕ್ಕಾಗಿ ಮಾತ್ರ, ಆಯ್ದ ದಂಪತಿಯು ಒಂದೇ ಮನೆಯಲ್ಲಿ ವಾಸಿಸಬಹುದು.’ ಆಯ್ಕೆಯನ್ನೂ ನಾನೇ ಮಾಡಿದೆ.

ತಂಡ ಮನೆಗೆ ಬಂದಾಗ ನನ್ನ ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತು, “ಅಯ್ಯಯ್ಯೋ, ಇದೇನು ಮನೆನಾ, ಗೋದಾಮಾ?” ಎಂದು ಉದ್ಗರಿಸಿದಳು. ತಂಡದವರು ಸರಸರ ಬರೆದುಕೊಂಡರು.

“ನಿಮ್ಮಿಬ್ಬರ ನಡುವೆ ಮೂಲಭೂತ ಭಿನ್ನಾಭಿಪ್ರಾಯ ಯಾವುದು ಅಂತ ಕೇಳ್ತಿದ್ದಾರೆ,” ಅಂದ ದುಭಾಷಿ.

“ಒದ್ದೆ ಟವೆಲ್ ತಂದು ಹಾಸಿಗೆ ಮೇಲೆ ಬಿಸಾಕ್ತಾರೆ,” ಅಂದಳು ಅವಳು.

“ಕಾರಂಜಿಯ ಬಗ್ಗೆ?”

“ಯಾವ ಕಾರಂಜಿ?”

ಪ್ರೊಫೆಸರಮ್ಮ ಪುಸ್ತಕದಲ್ಲಿ ಹೊಸ ಪುಟ ತಿರುಗಿಸಿದರು. ಇದು ಅತ್ಯಂತ ಪ್ರಾಚೀನ ಸ್ಥಿತಿ, ಎಲ್ಲೂ ನೋಡಿರಲಿಲ್ಲ ಎಂದರಂತೆ.

ತಂಡ ಊರಲ್ಲಿದ್ದಷ್ಟು ದಿನ ಅವಳು ಮನೆಯಲ್ಲಿದ್ದಳು. ಒಟ್ಟಿಗೆ ಉಂಡೆವು. ಟವೆಲ್ಲಿಗೆ ಬೈಸಿಕೊಂಡೆ. ಬೇಕೆಂದೇ ಇನ್ನೊಮ್ಮೆ ಹಾಸಿಗೆಯ ಮೇಲೆ ಹಾಕಿ ಇನ್ನಷ್ಟು ಬೈಸಿಕೊಂಡೆ. ನನಗಾದ ಸಂತೋಷವನ್ನು ಹೇಳಲು ನನಗೆ ಭಾಷೆ ಸಾಲದು, ಸುತ್ತೋಲೆಯ ಭಾಷೆಯಂತೂ ಸಾಲುವುದೇ ಇಲ್ಲ. ತಂಡ ವಿಮಾನ ಹತ್ತಿದ ಸಂಜೆ ಇನ್‌ಸ್ಪೆಕ್ಟರು ಬಂದು ಬಾಗಿಲು ತಟ್ಟಿದ, ಅವಳು ಮತ್ತೆ ಗಂಟು ಕಟ್ಟಿದಳು.

ತಂಡದ ವರದಿ ಬಂದಾಗ ಸಂಸ್ಥೆಯಲ್ಲಿ ಸಿಹಿ ಹಂಚಿದರು. ಇತರ ಪ್ರಜಾಪ್ರಭುತ್ವಗಳು ನಮ್ಮಿಂದ ಕಲಿಯಬೇಕಾದ ಪಾಠಗಳನ್ನು ಅದರಲ್ಲಿ ಕೊಟ್ಟಿದ್ದರು. ಮೊದಲು ಬದಿಗಳನ್ನು ಮಾಡಿಕೊಳ್ಳಿ, ಕಾರಣವನ್ನು ಆಮೇಲೆ ಹುಡುಕಬಹುದು. ಕಾರಣ ಬಿದ್ದುಹೋದರೂ ಗಾಬರಿ ಬೇಡ. ಎರಡು ಬದಿಗೂ ಬಣ್ಣವನ್ನು ಒಬ್ಬರಿಂದಲೇ ಕೊಳ್ಳಿ, ಅಗ್ಗವಾಗುತ್ತದೆ. ಕೊನೆಯದನ್ನು ಸೇರಿಸಲು ಮ್ಯಾನೇಜರ್ ಸಾಹೇಬರು ಬಹಳ ಶ್ರಮಪಟ್ಟಿದ್ದರು.

ಪ್ರಾತ್ಯಕ್ಷಿಕೆಯ ಸುದ್ದಿ ಹಬ್ಬಿದ್ದೇ ತಡ, ಊರಿಗೆ ಊರೇ ನನ್ನ ಕೋಣೆಯ ಮುಂದೆ ಸಾಲು ನಿಂತಿತು. ಬೇರಾದ ಅಣ್ಣತಮ್ಮಂದಿರು, ಅಕ್ಕತಂಗಿಯರು, ಒಬ್ಬರ ಮುಖ ಒಬ್ಬರು ನೋಡದ ಬೀಗರು, ಎಲ್ಲರಿಗೂ ಪ್ರಾತ್ಯಕ್ಷಿಕೆಯಾಗಬೇಕು. ಗೇರಣ್ಣನೂ ಚಿಲ್ಲರೆಯೂ ಬೇರೆ ಬೇರೆ ಹೊತ್ತಿಗೆ ಬಂದು ಒಂದೇ ಅರ್ಜಿ ಕೊಟ್ಟರು: ಫ್ಲಾಸ್ಕಿನಿಂದ ಚಹಾ ಕುಡಿಯುವ ಪ್ರಾತ್ಯಕ್ಷಿಕೆ. ಅಂದಿನಿಂದ ನಮ್ಮ ಜನ ವಿದೇಶಿ ಸುದ್ದಿಯನ್ನು ಬಾಯಿ ಬಿಟ್ಟುಕೊಂಡು ಕೇಳುತ್ತಾರೆ. ಯಾವುದೋ ದೂರ ದೇಶದ ಸಂಸತ್ತಿನಲ್ಲಿ ಕುರ್ಚಿ ಎಸೆದಾಡಿದರಂತೆ ಎಂದು ಗೊತ್ತಾದರೆ, ಇನ್ನೇನು ತಂಡ ಬರುತ್ತದೆ ಎಂದು ನಮ್ಮೂರಲ್ಲಿ ಹಾಸಿಗೆ ಬಿಸಿಲಿಗೆ ಹಾಕುತ್ತಾರೆ. ಅನ್ಯರಿಗೆ ಕೆಡುಕು ಬಯಸಬಾರದು, ನಿಜ. ಆದರೆ ನಾನೂ ಬಯಸಿದೆ. ಹಗಲೂ ರಾತ್ರಿ ಬಯಸಿದೆ.

ನನ್ನ ಹಾರೈಕೆ ಫಲಿಸಿತು. ಪ್ರೊಫೆಸರಮ್ಮನಿಂದ ಸಂದೇಶ ಬಂತು. ಅವರ ದೇಶದಲ್ಲಿ ಪರಿಸ್ಥಿತಿ ಚೆನ್ನಾಗಿ ಹದಗೆಟ್ಟಿದೆ, ದೊಡ್ಡ ತಂಡದೊಂದಿಗೆ ಬರುತ್ತಿದ್ದೇವೆ, ಈ ಸಲ ಒಬ್ಬ ವೀಕ್ಷಕರನ್ನು ಶಾಶ್ವತವಾಗಿ ನಿಮ್ಮ ಊರಿನಲ್ಲೇ ಬಿಟ್ಟು ಹೋಗುತ್ತೇವೆ. ನಾನು ಆ ಸಾಲನ್ನು ಮತ್ತೆ ಮತ್ತೆ ಓದಿದೆ. ವೀಕ್ಷಕ ಶಾಶ್ವತ ಅಂದರೆ ಪ್ರಾತ್ಯಕ್ಷಿಕೆ ಶಾಶ್ವತ, ಪ್ರಾತ್ಯಕ್ಷಿಕೆ ಶಾಶ್ವತ ಅಂದರೆ ಹೆಂಡತಿ ಮನೆಯಲ್ಲಿ. ನಿಯಮದ ಪ್ರಕಾರವೇ! ಇನ್‌ಸ್ಪೆಕ್ಟರು ಇದ್ದರೂ ಲೆಕ್ಕಿಸದೆ ರಸ್ತೆಯಾಚೆಗೆ ಕೂಗಿ ಹೇಳಿದೆ. ಅವಳು ಸ್ಟಾಪಿನ ಕಂಬಕ್ಕೆ ಒರಗಿ, ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕಳೋ ಅತ್ತಳೋ, ಅಷ್ಟು ದೂರದಿಂದ ತಿಳಿಯಲಿಲ್ಲ. ಅವತ್ತೇ ವಸತಿಗೃಹದ ಕೋಣೆಯನ್ನೂ ಬಿಟ್ಟುಕೊಡುವುದಾಗಿ ಹೇಳಿಬಂದಳಂತೆ.

ತಂಡ ಬರುವ ದಿನ ನಾನು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಈಚೆ ಸ್ಟಾಪಿನಲ್ಲಿ ನಿಂತೆ. ಅವಳು ಗಂಟಿನ ಸಮೇತ ಆಚೆ ಸ್ಟಾಪಿನಲ್ಲಿ ನಿಂತಳು. ತಂಡ ಇಳಿದ ಕೂಡಲೇ ದಾಟಿ ಬರುವುದೆಂದು ಮಾತಾಗಿತ್ತು.

ತಂಡ ಎರಡು ಬಸ್ಸುಗಳಲ್ಲಿ ಬಂತು.

ಮೊದಲಿಗೆ ಜನ ಜಾಸ್ತಿ ಇರಬೇಕು ಅಂದುಕೊಂಡೆ. ಒಂದು ಬಸ್ಸು ನನ್ನ ಪಕ್ಕ ನಿಂತು ಪ್ರೊಫೆಸರಮ್ಮನೂ ಅರ್ಧ ತಂಡವೂ ಇಳಿದರು. ಇನ್ನೊಂದು ಅವಳ ಪಕ್ಕ ನಿಂತು ದುಭಾಷಿಯೂ ಉಳಿದರ್ಧ ತಂಡವೂ ಇಳಿದರು. ಎರಡು ಗುಂಪೂ ಒಂದನ್ನೊಂದು ನೋಡಲಿಲ್ಲ. ದುಭಾಷಿ ಆಚೆ ಹೋದದ್ದರಿಂದ ಪ್ರೊಫೆಸರಮ್ಮ ತಾವು ಕಲಿತ ಹರಕು ಮುರುಕು ಕನ್ನಡದಲ್ಲಿ, “ನಿಮ್ಮಿಂದ ಕಲಿತೆವು. ಬಹಳ ಸುಲಭ,” ಎಂದು ನನ್ನ ಕೈ ಕುಲುಕಿದರು. ಆಚೆಯವರು ನೋಡುವ ಪ್ರಾತ್ಯಕ್ಷಿಕೆಯನ್ನು ತಾವು ನೋಡುವುದಿಲ್ಲ ಎಂದರು. ಆಚೆಯವರೂ ಹಾಗೇ ಅಂದರಂತೆ.

ಮ್ಯಾನೇಜರ್ ಸಾಹೇಬರು ಹಾವೂ ಸಾಯದ ಹಾಗೆ, ಕೋಲೂ ಮುರಿಯದ ಹಾಗೆ ಪರಿಹಾರ ಕೊಟ್ಟರು: ಪ್ರಾತ್ಯಕ್ಷಿಕೆಯನ್ನು ಅರ್ಧರ್ಧ ಮಾಡಿ. ನಾನು ಈಚೆ ಫುಟ್‌ಪಾತಿನ ಮೇಲೆ ನಿಂತು, ಪಕ್ಕದ ಖಾಲಿ ಜಾಗವನ್ನು ತೋರಿಸಿ, ಗಂಡ ಹೆಂಡತಿ ಕೂಡಿ ಬಾಳುವುದು ಹೇಗೆಂದು ವಿವರಿಸಿದೆ. ಆಚೆ ಫುಟ್‌ಪಾತಿನ ಮೇಲೆ ಅವಳೂ ಕೈ ಆಡಿಸುತ್ತಾ ಏನೋ ವಿವರಿಸುತ್ತಿದ್ದಳು. ನನ್ನ ಮಾತು ನನ್ನ ಸುತ್ತ ನಿಂತವರಿಗೆ ಅರ್ಥವಾಗಲಿಲ್ಲ. ಆದರೂ ಎಲ್ಲರೂ ಬರೆದುಕೊಂಡರು. ಎರಡೂ ಕಡೆ ಚಪ್ಪಾಳೆ ಬಿತ್ತು, ಒಂದರ ಸದ್ದು ಮುಗಿದ ಮೇಲೆ ಇನ್ನೊಂದು.

ಶಾಶ್ವತ ವೀಕ್ಷಕರನ್ನು ಅವರು ಬಿಟ್ಟು ಹೋದರು, ಒಂದೊಂದು ಅರ್ಧ ತಂಡದಿಂದ ಒಬ್ಬೊಬ್ಬರಂತೆ. ಹಾಗಾದರೆ ತಂಡ ಊರಿನಲ್ಲಿ ಇದ್ದಂತೆಯೋ ಇಲ್ಲದಂತೆಯೋ ಎಂದು ನಾನು ಮ್ಯಾನೇಜರ್ ಸಾಹೇಬರನ್ನು ಕೇಳಿದೆ. ಅವರು ಮರುಗಿದರು, ನಿಜವಾಗಿಯೂ ಮರುಗಿದರು. ಎರಡು ಅರ್ಧಗಳು ಒಂದನ್ನೊಂದು ಒಪ್ಪದೆ ಇಡೀ ತಂಡವಾಗುವುದಿಲ್ಲ, ಆದ್ದರಿಂದ ಅರ್ಧ ಅನುಮತಿ ಕೊಡಬಹುದು ಎಂದರು. ಕರಡನ್ನು ನಾನೇ ಬರೆದೆ. ಅದರಂತೆ ನಾನು ನನ್ನ ಹೆಂಡತಿಯೊಂದಿಗೆ ವಾಸಿಸಬಹುದು. ಅವಳು ನನ್ನೊಂದಿಗೆ ವಾಸಿಸುವಂತಿಲ್ಲ. ಈ ಪರಿಹಾರವನ್ನು ಎರಡೂ ಬದಿಯವರು ನ್ಯಾಯವೆಂದು ಕೊಂಡಾಡಿದ್ದಾರೆ. ಅವಳು ಬಿಟ್ಟುಕೊಟ್ಟ ಕೋಣೆಯನ್ನೇ ಮತ್ತೆ ಕೇಳಿ ಪಡೆದಳು. ಗೇರಣ್ಣನಿಗೂ ಅರ್ಧ ಅನುಮತಿ ಸಿಕ್ಕಿದೆ, ಅವನು ಖಾಲಿ ಲೋಟವೊಂದನ್ನು ಎದುರಿಗಿಟ್ಟುಕೊಂಡು ಚಹಾ ಕುಡಿಯುತ್ತಾನೆ. ಬೇರೆ ದೇಶಗಳಿಂದಲೂ ಈ ಸುತ್ತೋಲೆಯ ಪ್ರತಿಗೆ ಬೇಡಿಕೆ ಬಂದಿದೆ.

ನನ್ನ ಪಾಲಿನ ವೀಕ್ಷಕರು ಸೌಮ್ಯ ಸ್ವಭಾವದವರು, ಊಟದ ಹೊತ್ತಿಗೆ ಸರಿಯಾಗಿ ಬಂದು ಮೂಲೆಯ ಕುರ್ಚಿಯಲ್ಲಿ ಕೂರುತ್ತಾರೆ. ನಾನು ಎರಡು ತಟ್ಟೆ ಹಾಕುತ್ತೇನೆ, ನನಗೆ ಅನುಮತಿ ಇದೆ. ಎರಡಕ್ಕೂ ಬಡಿಸುತ್ತೇನೆ. ಬಿಸಿಯಿರುವಾಗಲೇ ತಿನ್ನು, ಆರಿಹೋಗುತ್ತೆ ಅನ್ನುತ್ತೇನೆ. ಊಟ ಯಾವ ಭಿನ್ನಾಭಿಪ್ರಾಯವೂ ಇಲ್ಲದೆ ಮುಗಿಯಿತು ಎಂದು ಅವರು ದಿನವೂ ಬರೆದುಕೊಂಡು ಹೋಗುತ್ತಾರೆ.